ಮೊಟ್ಟೆಗಳ ಮೇಲೆ ಕೂರಲು ತಮ್ಮ ಕಡೆಯವರೊಬ್ಬರನ್ನು ಕಳುಹಿಸಿಕೊಡುವ ಬಗ್ಗೆ

ಹಬ್ ತಯಾರಿಸುವ ಕಂಪನಿಯ ಹೊಣೆಗಾರಿಕೆ ವಿಭಾಗದ ಘನ ಅಧಿಕಾರಿಗಳಾದ ಮಾನ್ಯರೇ,

ತಾವೂ ತಮ್ಮ ಕಂಪ್ಯೂಟರುಗಳೂ ಬೆಚ್ಚಗೆ, ಕ್ಷೇಮವಾಗಿ ಇದ್ದೀರೆಂದು ನಂಬಿ, ತಣ್ಣಗಾಗಿ ಹೋದ ಬಾತುಕೋಳಿ ಮೊಟ್ಟೆಗಳ ಪರವಾಗಿ ಈ ಬಹಿರಂಗ ಪತ್ರವನ್ನು ಅತ್ಯಂತ ವಿನಯದಿಂದ ಬರೆಯುತ್ತಿದ್ದೇನೆ. ನಾನೂ ನನ್ನ ಅತ್ತೆಯೂ ಮನೆಯ ಹಿಂದಿನ ಕೋಣೆಯಲ್ಲಿ ಬಾತು ಮರಿ ಮಾಡಿಸಿ ಮಾರುವವರು. ಕಾವು ಪೆಟ್ಟಿಗೆಯೊಳಗೆ ಎಷ್ಟು ಬಿಸಿಯಿದೆಯೆಂದು ಥರ್ಮಾಮೀಟರ್ ಗೋಡೆಯ ಮೇಲೆ ಕೂತು ಮನೆಯ ಸಾಧನಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ತಮ್ಮ ಹಬ್‌ಗೆ ವರದಿ ಒಪ್ಪಿಸುತ್ತದೆ, ಹಬ್ ಹೀಟರಿಗೆ ಅಪ್ಪಣೆ ಕೊಡುತ್ತದೆ, ಹೀಟರ್ ಬಿಸಿಯಾಗುತ್ತದೆ. ಇಷ್ಟೇ ಸಂಸಾರ. ಹೋದ ವಾರದವರೆಗೆ ಮೂವರೂ ಅನ್ಯೋನ್ಯವಾಗಿದ್ದರು.

ಆಮೇಲೊಂದು ಮಟಮಟ ಮಧ್ಯಾಹ್ನ ತಮ್ಮ ಹಬ್ ಯಾರನ್ನೂ ಕೇಳದೆ ತನ್ನ ಫರ್ಮ್‌ವೇರನ್ನು, ಅಂದರೆ ತನ್ನೊಳಗಿನ ಬುದ್ಧಿಯನ್ನು, ತಾನೇ ಅಪ್‌ಗ್ರೇಡ್ ಮಾಡಿಕೊಂಡಿತು. ಹೊಸ ಬುದ್ಧಿ ಬಂದದ್ದೇ ತಡ, ಹಳೆಯ ನಂಟರನ್ನು ಮರೆಯಿತು. ನಮ್ಮ ಥರ್ಮಾಮೀಟರನ್ನು ‘ಹೊಂದಾಣಿಕೆಯಾಗದ ಸಾಧನ’ ಎಂದು ಹೊರಗೆ ನಿಲ್ಲಿಸಿ, ಪಕ್ಕದ ಮನೆಯ ಟಿವಿಯನ್ನು ಮಾತ್ರ ಬಹುದಿನದ ಮೇಲೆ ಬಂದ ಅಳಿಯನಂತೆ ಒಳಗೆ ಕರೆದುಕೊಂಡು, ‘ಪೀಂ ಪೀಂ’ ಎಂದು ಎಡೆಬಿಡದೆ ಕೂಗತೊಡಗಿತು. ಹೀಟರೋ ಮಹಾ ವಿಧೇಯ. ಹಬ್‌ನ ಅಪ್ಪಣೆಯಿಲ್ಲದೆ ಎಷ್ಟು ಸ್ವಿಚ್ ಒತ್ತಿದರೂ ಬಿಸಿಯಾಗಲೊಲ್ಲದು. ಇನ್ನೇನು ಒಡೆದು ಮರಿಯಾಗಬೇಕಿದ್ದ ಮೊಟ್ಟೆಗಳು ಅವು.

ತಮ್ಮ ಸಹಾಯವಾಣಿಯ ಯುವಕರು ಬಹಳ ಸಭ್ಯರು. ‘ಮೇಡಂ, ಅಪ್‌ಗ್ರೇಡ್ ಜವಾಬ್ದಾರಿ ಬಳಸೋರದ್ದು’ ಎಂದರು. ಅದು ತಾನೇ ಮಾಡಿಕೊಂಡಿತಲ್ಲ ಎಂದು ಅರಿಕೆ ಮಾಡಿದ್ದಕ್ಕೆ, ‘ಹಾಗಿದ್ರೆ ತಡೆಯೋ ಜವಾಬ್ದಾರಿ ನಿಮ್ದಿತ್ತು’ ಎಂದರು. ಥರ್ಮಾಮೀಟರ್ ಕಂಪನಿಯವರು ‘ನಮ್ದೇನೂ ಬದಲಾಗಿಲ್ಲ, ಬದಲಾದೋರನ್ನ ಕೇಳಿ’ ಎಂದರು. ಎರಡನ್ನೂ ಮಾರಿದ ಅಂಗಡಿಯವನು ಇಬ್ಬರನ್ನೂ ಕೇಳಿ ಎಂದ. ಮತ್ತೆ ತಮಗೇ ಫೋನು ಹಚ್ಚಿದಾಗ ಅತ್ತೆ ಅದನ್ನು ಕಿತ್ತುಕೊಂಡು, ‘ಏನಪ್ಪಾ, ಕಾವು ಕೂತ ಬಾತು ನಡುವೆ ಎದ್ದು ಹೋಗಿ, ಮೊಟ್ಟೆ ಯಾರದ್ದು ಅಂತ ಕೇಳುತ್ತಾ?’ ಎಂದು ವಿಚಾರಿಸಿದರು. ತಮ್ಮವರು ಅದಕ್ಕೆ ಉತ್ತರವಾಗಿ ದೂರು ಸಂಖ್ಯೆಯೊಂದನ್ನು ದಯಪಾಲಿಸಿದರು.

ಆ ಸಂಖ್ಯೆಯಿಂದ ಮೊಟ್ಟೆಗಳು ಬಿಸಿಯಾಗಲಿಲ್ಲ. ಬಿಸಿನೀರಿನ ಬಾಟಲಿಗಳನ್ನಿಟ್ಟು, ಕಂಬಳಿ, ಅತ್ತೆಯ ಶಾಲು ಎಲ್ಲವನ್ನೂ ಹೊದಿಸಿ, ಇಬ್ಬರೂ ನೀರು ಕಾಯಿಸಿ ಕಾಯಿಸಿ ಸೋತೆವು. ಆದರೂ ಅರ್ಧಕ್ಕರ್ಧ ಮೊಟ್ಟೆಗಳು ಒಡೆಯಲೇ ಇಲ್ಲ. ಒಳಗೆ ಪೂರ್ತಿ ಬೆಳೆದಿದ್ದ ಮರಿಗಳನ್ನು ಹೂಳುವಾಗ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ. ಇದನ್ನು ವಿನಯಕ್ಕೆ ಭಂಗ ಬಾರದಂತೆ ಹೇಳುವುದು ಹೇಗೆಂದು ನನಗೆ ತಿಳಿಯದು.

ಆದ್ದರಿಂದ ನನ್ನ ಕೋರಿಕೆ ಬಹಳ ಚಿಕ್ಕದು. ಮುಂದಿನ ಸಲ ತಮ್ಮ ಹಬ್ ಬುದ್ಧಿವಂತವಾಗುವ ಮುನ್ನ, ಅದರ ಬದಲಿಗೆ ಮೊಟ್ಟೆಗಳ ಮೇಲೆ ಕೂರಲು ತಮ್ಮ ವಿಭಾಗದಿಂದ ಒಬ್ಬರನ್ನು ಕಳುಹಿಸಿಕೊಡಬೇಕು. ತೂಕ ಕಡಿಮೆಯಿದ್ದವರಾದರೆ ಉತ್ತಮ. ಏನೇ ಆದರೂ ಕೂತ ಜಾಗದಿಂದ ಏಳದ ಅಭ್ಯಾಸವಂತೂ ತಮ್ಮಲ್ಲಿ ಎಲ್ಲರಿಗೂ ಇದ್ದೇ ಇದೆ. ಅದಾಗದಿದ್ದಲ್ಲಿ, ತಣ್ಣನೆಯ ಮೊಟ್ಟೆಯಿಂದಲೂ ಮರಿ ಬರುವಂತೆ ನಮ್ಮ ಬಾತುಗಳಿಗೇ ಒಂದು ಅಪ್‌ಗ್ರೇಡ್ ಕಳುಹಿಸಬಹುದು.

ಹಾಗೆಂದು ತಮ್ಮ ಹಬ್ ಏನೂ ಮಾಡಲಿಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಬದುಕುಳಿದ ಮರಿಗಳು ಮೊಟ್ಟೆಯೊಳಗಿದ್ದಾಗಲೂ ಹೊರಬಂದಾಗಲೂ ಕೇಳಿದ್ದು ಅದರ ಪೀಂ ಪೀಂ ಒಂದನ್ನೇ ಆದ್ದರಿಂದ, ಅದನ್ನೇ ಹೆತ್ತತಾಯಿ ಎಂದು ನಂಬಿ, ಗೋಡೆಯ ಬುಡದಲ್ಲಿ ಕತ್ತೆತ್ತಿ ನಿಂತಿವೆ. ಮೇವಿಗೂ ನೀರಿಗೂ ಕದಲುತ್ತಿಲ್ಲ. ಈ ಲೋಕದಲ್ಲಿ ತಮ್ಮ ಹಬ್ ಜೊತೆ ತಕರಾರಿಲ್ಲದೆ ಹೊಂದಿಕೊಂಡಿರುವವು ಅವು ಮಾತ್ರ. ದಯವಿಟ್ಟು ತಮ್ಮ ಹೊಂದಾಣಿಕೆಯ ಪಟ್ಟಿಯಲ್ಲಿ ಪಕ್ಕದ ಮನೆಯ ಟಿವಿಯ ಕೆಳಗೆ ಸೇರಿಸಿಕೊಳ್ಳಿ.

ಇನ್ನೂ ನೀರು ಕಾಯಿಸುತ್ತಲೇ ಇರುವ,
ತಮ್ಮ ವಿಶ್ವಾಸಿ,
ಬಾತು ಮರಿ ಮಾಡುವವಳು

ತಾ.ಕ.: ಪತ್ರ ಮಡಚುವಷ್ಟರಲ್ಲಿ ತಮ್ಮ ಇನ್ನೊಂದು ಅಪ್‌ಗ್ರೇಡ್ ತಾನಾಗಿಯೇ ಬಂದಿಳಿಯಿತು. ಥರ್ಮಾಮೀಟರಿನ ಗುರುತು ಅದಕ್ಕಿನ್ನೂ ಹತ್ತಿಲ್ಲ. ‘ಗ್ರಾಹಕರ ದೂರಿನ ಮೇರೆಗೆ’ ಪೀಂ ಪೀಂ ಸದ್ದನ್ನು ಮಾತ್ರ ತೆಗೆದುಹಾಕಲಾಗಿದೆಯಂತೆ. ತಾಯಿ ಮೂಕಿಯಾದದ್ದೇ ಮರಿಗಳೆಲ್ಲ ಒಟ್ಟಿಗೆ ಗೋಳಾಡಿದವು. ಈಗ ನನ್ನ ಅತ್ತೆ ಮೊಣಕಾಲ ನೋವನ್ನೂ ಲೆಕ್ಕಿಸದೆ, ಬಾಯಲ್ಲೇ ‘ಪೀಂ ಪೀಂ’ ಎನ್ನುತ್ತಾ ಅಂಗಳದ ನೀರಿನ ತೊಟ್ಟಿಯ ಕಡೆ ನಡೆಯುತ್ತಿದ್ದಾರೆ, ಮರಿಗಳು ಸಾಲಾಗಿ ಅವರ ಹಿಂದೆ. ಅವರನ್ನು ಯಾವ ಕಾರಣಕ್ಕೂ ಅಪ್‌ಗ್ರೇಡ್ ಮಾಡಬಾರದಾಗಿ ವಿನಂತಿ.