ಗುಲಾಬಿ ಗುಂಪಿನ ಮಾಡರೇಟರೂ ಚಿಂತಾಮಣಿಯವರ ಕುಂಡವೂ

ಮರ್ಯಾದೆಯಾಗಿ ಮಾತಾಡ್ರಪ್ಪ ಅಂತ ನಾಲ್ಕು ಜನಕ್ಕೆ ಹೇಳೋ ಕೆಲಸವನ್ನ ಯಾರು ತಲೆ ಮೇಲೆ ಎಳ್ಕೊಳ್ತಾರೋ, ಇಂಥ ಪೇಚುಗಳೆಲ್ಲ ಹುಡುಕ್ಕೊಂಡು ಅವರ ಮನೆಗೇ ಬರುತ್ತವೆ. ನನ್ನ ಮನೆಗೆ ಬಂದವುಗಳಲ್ಲಿ ಕೆಲವನ್ನ ಹೇಳ್ತೀನಿ. ಹೊಟ್ಟೆ ಉರ್ಕೊಂಡು ಹೇಳ್ತಾನೆ ಅಂತ ಅನ್ನಿಸಿದ್ರೆ ಅನ್ನಿಸಲಿ, ಉರಿದದ್ದು ನಿಜವೇ.

ಮುಖಪುಟ

ನಾನು ಚಿಕ್ಕಬಳ್ಳಾಪುರದಲ್ಲಿ ಟೆಲಿಫೋನ್ ಇಲಾಖೆಯಲ್ಲಿದ್ದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದರಲ್ಲಿ, ಇಲಾಖೆಯವನು ಅಂತ ನಮ್ಮನೆಗೂ ಒಂದು ಲೈನ್ ಬಂತು. ತಾರಸಿ ಮೇಲೆ ಕುಂಡದಲ್ಲಿ ಗುಲಾಬಿ ಬೆಳೆಸೋ ಹುಚ್ಚು ಮೊದಲಿಂದಲೂ ಇತ್ತು. ಎರಡನ್ನೂ ಸೇರಿಸಿ ಇಂಟರ್‌ನೆಟ್ಟಿನಲ್ಲಿ ಗುಲಾಬಿ ಬೆಳೆಸೋರ ಒಂದು ಗುಂಪು ಕಟ್ಟಿದೆ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಎಲ್ಲ ಕಡೆಯಿಂದ ಜನ ಸೇರಿದರು. ಯಾರು ಏನೇ ಬರೆದ್ರೂ ಮೊದಲು ನನ್ನ ಹತ್ರ ಬರೋದು. ನಾನು ಓದಿ, ಸರಿಯಾಗಿದ್ರೆ ಬಿಟ್ಟಮೇಲೆ ಎಲ್ಲರಿಗೂ ಕಾಣೋದು. ಅದಕ್ಕೇ ನನಗೆ ಮಾಡರೇಟರ್ ಅಂತ ಹೆಸರು. ನಮ್ಮ ಕಡೆಯವರ ಬಾಯಲ್ಲಿ ಅದು ಮಾಡ್ರೇಟ್ರು ಆಯ್ತು.

ಮುಖಪುಟದಲ್ಲಿ ದೊಡ್ಡದಾಗಿ ಒಂದು ಗುಲಾಬಿ ಚಿತ್ರ ಇಡೋ ಜಾಗ ಇತ್ತು. ಗುಂಪು ಕಟ್ಟಿದೋನು ನಾನು, ಅಲ್ಲಿ ನನ್ನ ಕೆಂಪು ಗುಲಾಬಿನೇ ಇಟ್ಟಿದ್ದೆ. ಅದು ಹಾಗೇ ಇದ್ದಿದ್ರೆ ನನ್ನ ಆಯಸ್ಸು ಇನ್ನೂ ಒಂದಷ್ಟು ಗಟ್ಟಿ ಇರ್ತಿತ್ತು. ನಾನೇ ಬಾಯಿ ಸುಮ್ಮನಿರಲಾರದೆ, ತಿಂಗಳಿಗೊಂದು ಸಲ ಎಲ್ಲರೂ ಓಟು ಹಾಕಿ ಚಿತ್ರ ಆರಿಸೋಣ, ಪ್ರಜಾಪ್ರಭುತ್ವ ಅಂದ್ರೆ ಹಾಗಿರಬೇಕು ಅಂತ ಬರೆದೆ.

ಮೊದಲನೇ ತಿಂಗಳು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದ ಒಬ್ಬರ ಹಳದಿ ಗುಲಾಬಿ ಗೆದ್ದಿತು. ಎರಡನೇ ತಿಂಗಳೂ ಅವರದ್ದೇ. ಆಮೇಲೆ ನಾನು ಲೆಕ್ಕ ಇಡೋದನ್ನೇ ಬಿಟ್ಟೆ. ಆ ಮನುಷ್ಯ ಒಳ್ಳೆಯವನು, ಅದೇ ದೊಡ್ಡ ಕಷ್ಟ. ಗೆದ್ದಾಗಲೆಲ್ಲ ಫೋನ್ ಮಾಡಿ, ಎಲ್ಲ ನಿಮ್ಮ ಆಶೀರ್ವಾದ ಸಾರ್ ಅನ್ನೋರು. ನಾನೆಲ್ಲಿ ಆಶೀರ್ವಾದ ಮಾಡಿದ್ದೆ? ನನ್ನ ಹೂವನ್ನ ಕೆಳಗಿಳಿಸಿ ಅವರದನ್ನ ಮೇಲೇರಿಸೋ ಬಟನ್ ಒತ್ತೋ ಕೈ ಮಾತ್ರ ನನ್ನದು. ಪ್ರತಿ ತಿಂಗಳೂ ಒತ್ತುವಾಗ ನನ್ನ ಹೆಂಡತಿ ಹಿಂದೆ ನಿಂತು, "ಬಟನ್ ಮುರಿದು ಹೋಗುತ್ತೆ ರೀ, ಮೆಲ್ಲಗೆ" ಅನ್ನೋಳು.

ಮೊದಲು ಎರಡು ಒಳ್ಳೇ ಮಾತು

ಗೌರಿಬಿದನೂರಿನ ಒಬ್ಬ ಮೇಷ್ಟ್ರಿಗೂ ಶಿಡ್ಲಘಟ್ಟದ ರೇಷ್ಮೆ ಮನೆತನದ ಯಜಮಾನರಿಗೂ ಗೊಬ್ಬರದ ಮೇಲೆ ಹತ್ತಿಕೊಂಡಿತು. ಶಿಡ್ಲಘಟ್ಟದವರು, ರೇಷ್ಮೆ ಹುಳದ ಹಿಕ್ಕೆ ಹಾಕಿ, ಅದಕ್ಕಿಂತ ಗೊಬ್ಬರ ಇಲ್ಲ ಅಂದ್ರು. ಮೇಷ್ಟ್ರು, ಟೀ ಸೊಪ್ಪಿನ ಚರಟವೇ ಸಾಕು, ಹುಳದ ಹಿಕ್ಕೆ ವಾಸನೆ ನಿಮ್ಮ ಮಾತಿನಲ್ಲೂ ಬರ್ತಿದೆ ಅಂದ್ರು. ಅಲ್ಲಿಂದ ಗಿಡ ಬಿಟ್ಟು ವಂಶಕ್ಕೆ ಬಂದ್ರು.

ನಾನು ಒಂದು ನಿಯಮ ಮಾಡಿದೆ. ಯಾರ ಗಿಡದಲ್ಲಿ ಏನೇ ತಪ್ಪು ಕಂಡರೂ ಮೊದಲು ಎರಡು ಒಳ್ಳೇ ಮಾತು ಬರೀಬೇಕು, ಆಮೇಲೆ ತಪ್ಪು ಹೇಳಬೇಕು. ಎಲ್ಲರೂ ಒಪ್ಪಿದರು. ನಮ್ಮ ಜನ ನಿಯಮ ಅಂದ್ರೆ ಅಕ್ಷರಕ್ಕಕ್ಷರ ಪಾಲಿಸ್ತಾರೆ. ಮಾರನೇ ದಿನವೇ ಮೇಷ್ಟ್ರು ಶಿಡ್ಲಘಟ್ಟದವರ ಫೋಟೋ ಕೆಳಗೆ ಬರೆದರು: ಹಿಂದಿನ ಗೋಡೆ ಸುಣ್ಣ ಚೆನ್ನಾಗಿದೆ, ಪಕ್ಕದಲ್ಲಿ ನಿಂತಿರೋ ಹಸು ಲಕ್ಷಣವಾಗಿದೆ, ಗಿಡ ಕಿತ್ತು ಹಸುವಿಗೆ ಹಾಕಿ.

ನಿಯಮ ಪಾಲಿಸಿದ್ದಾರೆ, ಅಳಿಸೋ ಹಾಗಿಲ್ಲ. ಹೋಗಲಿ, ನಿಯಮದಿಂದ ನನಗಾದ್ರೂ ಲಾಭ ಆಗಲಿ ಅಂತ ನನ್ನ ಕೆಂಪು ಗುಲಾಬಿಯ ಹೊಸ ಫೋಟೋ ಹಾಕಿದೆ. ಎರಡು ಒಳ್ಳೇ ಮಾತು ಖಂಡಿತ ಬರಲೇಬೇಕಲ್ಲ. ಬಂದವು. ಕುಂಡ ತುಂಬಾ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ ಅಂತ ಒಬ್ಬರು. ಪೆರೇಸಂದ್ರದಲ್ಲಿ ಹೈವೇ ಪಕ್ಕ ಮಾರ್ತಾರೆ, ನಾನೂ ತಂದಿದ್ದೀನಿ ಅಂತ ಇನ್ನೊಬ್ಬರು. ಅಲ್ಲಿಂದ ವಾರವೆಲ್ಲ ಕುಂಡದ ಮಾತೇ. ಯಾವ ಕುಂಡಕ್ಕೆ ತೂತು ಎಷ್ಟಿರಬೇಕು ಅಂತ ಅಷ್ಟೊಂದು ಮರ್ಯಾದೆಯಾದ, ಅಷ್ಟೊಂದು ಉಪಯೋಗವಾದ ಚರ್ಚೆ ನಮ್ಮ ಗುಂಪಿನಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ. ಹೂವಿನ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಸಿಹಿಯಾದ ಬೈಗುಳ

ಒಂದಿನ ಮಂಚೇನಹಳ್ಳಿಯ ಒಬ್ಬ ಸದಸ್ಯ ಚಿಂತಾಮಣಿಯವರ ಮೇಲೆ ಬರೆದ. ಈ ಹೂವು ಗಿಡದಲ್ಲಿ ಬಿಟ್ಟಿದ್ದಲ್ಲ, ಮಾರ್ಕೆಟ್ಟಿನಲ್ಲಿ ಕೊಂಡು ದಾರದಲ್ಲಿ ಕಟ್ಟಿದ್ದು, ಕಣ್ಣಿರೋರಿಗೆ ಗೊತ್ತಾಗುತ್ತೆ ಅಂತ. ಓದಿದ ತಕ್ಷಣ ನನ್ನ ಎದೆಗೆ ತಂಪು ಗಾಳಿ ಬೀಸಿತು. ಕಾಫಿ ತರಿಸ್ಕೊಂಡು ಇನ್ನೊಂದು ಸಲ ಓದಿದೆ. ಏನು ಭಾಷೆ, ಏನು ಧಾಟಿ. ಹೆಂಡತಿಗೂ ಓದಿ ಹೇಳಿದೆ.

ಆದರೆ ಮಾಡ್ರೇಟ್ರು ನಾನೇ. ಬಿಟ್ಟರೆ ನಿಯಮ ಮುರಿದ ಹಾಗೆ, ಅಳಿಸೋಕೆ ಮನಸ್ಸು ಬರಲ್ಲ. ಕರೆಂಟಿಲ್ಲ ಅಂತ ಎರಡು ದಿನ ತಳ್ಳಿದೆ. ಕೊನೆಗೆ ಆತ್ಮಸಾಕ್ಷಿ ತಡೀಲಾರದೆ, ಇದನ್ನ ಒಳ್ಳೇ ಮಾತಿನಲ್ಲಿ ತಿದ್ದಿ ಕಳಿಸಪ್ಪ ಅಂತ ವಾಪಸ್ ಕಳಿಸಿದೆ. ಆತ ತಿದ್ದಿದ. ಸಾರ್, ನಿಮ್ಮ ಗಿಡದ ಹೂವು ಎಷ್ಟು ಚೆನ್ನಾಗಿದೆ ಅಂದ್ರೆ ಥೇಟ್ ಮಾರ್ಕೆಟ್ಟಿನಿಂದ ಕೊಂಡು ತಂದ ಹಾಗೇ ಇದೆ ಅಂತ ಬರೆದ. ಇಡೀ ಗುಂಪು ಹೌದು ಹೌದು ಅಂತು. ಚಿಂತಾಮಣಿಯವರು ನನಗೆ ಫೋನ್ ಮಾಡಿ, "ನನ್ನ ಜೀವನದಲ್ಲಿ ಇಷ್ಟು ದೊಡ್ಡ ಮಾತು ಯಾರೂ ಅಂದಿರಲಿಲ್ಲ ಸಾರ್" ಅಂದ್ರು. ಆ ತಿಂಗಳ ಓಟು ಎಲ್ಲಿಗೆ ಹೋಯ್ತು ಅಂತ ಬೇರೆ ಹೇಳಬೇಕಾಗಿಲ್ಲ.

ನಿವಾಳಿ

ಇಷ್ಟಾದಮೇಲೆ ಅವರ ಹಳದಿ ಗುಲಾಬಿ ಒಣಗತೊಡಗಿತು. ಮೊದಲು ಎಲೆ ಉದುರಿತು, ಆಮೇಲೆ ಮೊಗ್ಗು. ನನ್ನ ಕೆಂಪು ಗುಲಾಬಿ ಮಾತ್ರ ಆ ತಿಂಗಳು ಹಿಂದೆಂದೂ ಬಿಡದಷ್ಟು ಹೂವು ಬಿಟ್ಟಿತ್ತು. ಈ ಸಲ ಮುಖಪುಟ ನನ್ನದೇ ಅಂತ ಫೋಟೋ ತೆಗೆದು ರೆಡಿ ಮಾಡ್ಕೊಂಡೆ. ಅಯ್ಯೋ ಪಾಪ ಅಂತ ಬಾಯಲ್ಲಿ ಅಂದೆ, ಮುಖದಲ್ಲಿ ನಗು ತಡೆಯೋದು ಕಷ್ಟವಾಗ್ತಿತ್ತು.

ಆದರೆ ಚಿಂತಾಮಣಿಯವರ ತಾಯಿ, ಇದು ದೃಷ್ಟಿನೇ ಅಂದುಬಿಟ್ರು. ಮಗ ಅದನ್ನ ಹಾಗೇ ಗುಂಪಿನಲ್ಲಿ ಬರೆದರು. ಯಾರ ಕಣ್ಣು ಅಂತ ಗಲಾಟೆ ಶುರುವಾಯ್ತು. ಮೇಷ್ಟ್ರು ಶಿಡ್ಲಘಟ್ಟದವರ ಕಣ್ಣು ಅಂದ್ರು, ಶಿಡ್ಲಘಟ್ಟದವರು ಮಂಚೇನಹಳ್ಳಿ ಕಡೆ ತೋರಿಸಿದ್ರು. ಎಲ್ಲರೂ ಮೊದಲು ಎರಡು ಒಳ್ಳೇ ಮಾತು ಬರೆದೇ ಬೈದ್ರು ಅನ್ನಿ. ಜಗಳ ತಣ್ಣಗಾಗಲಿ ಅಂತ, ಒಂದು ಭಾನುವಾರ ಚಿಂತಾಮಣಿಯಲ್ಲಿ ಅವರ ಮನೆಯಲ್ಲೇ ಎಲ್ಲರೂ ಸೇರೋಣ ಅಂತ ನಾನೇ ಕರೆದೆ.

ಅಲ್ಲಿ ತಾಯಿ ಒಂದೇ ಪ್ರಶ್ನೆ ಕೇಳಿದ್ರು. ಹೂವು ಚೆನ್ನಾಗಿದೆ ಅಂದೋರ ಕಣ್ಣು ತಾನೇ ತಾಗೋದು? ಹಾಗೆ ಒಂದು ಸಲವೂ ಅನ್ನದೇ ಇರೋರು ಇಲ್ಲಿ ಯಾರಿದ್ದಾರೆ? ಮಗ ಹಳೇ ಮೆಸೇಜೆಲ್ಲ ಹುಡುಕಿ ಇಟ್ಟಿದ್ದರು. ನನ್ನ ಕಡೆ ತಿರುಗಿ ಕೈಮುಗಿದು ಹೇಳಿದ್ರು.

"ಮಾಡ್ರೇಟ್ರು ಒಬ್ಬರೇ ಅಮ್ಮ. ಇಷ್ಟು ದಿನದಲ್ಲಿ ನನ್ನ ಹೂವನ್ನ ಒಂದು ದಿನವೂ ಹೊಗಳಿಲ್ಲ. ಆಸೆ ಅನ್ನೋದೇ ಇಲ್ಲದ ಮನುಷ್ಯ."

ತಾಯಿ ನನ್ನ ಗಲ್ಲ ಸವರಿ, "ನೀದಿ ಮಂಚಿ ಮನಸು ನಾಯನಾ" ಅಂತ ತೆಲುಗಿನಲ್ಲಿ ಅಂದ್ರು, ನಿನ್ನದು ಒಳ್ಳೇ ಮನಸ್ಸು ಕಣಪ್ಪ ಅಂತ. ದೃಷ್ಟಿ ನೀನೇ ತೆಗೀಬೇಕು ಅಂತ ನನ್ನ ಮುಷ್ಟಿಗೆ ಉಪ್ಪು, ಒಣಮೆಣಸಿನಕಾಯಿ ತುಂಬಿದ್ರು.

ನಿವಾಳಿಸಿದ ಮೆಣಸಿನಕಾಯಿ ಕೆಂಡಕ್ಕೆ ಹಾಕಿದಾಗ ಘಾಟು ಬಂದ್ರೆ ದೃಷ್ಟಿ ಇಲ್ಲ ಅಂತ, ಬರದಿದ್ರೆ ಬಲವಾಗಿ ತಾಗಿತ್ತು ಅಂತ ನಮ್ಮ ಕಡೆ ಲೆಕ್ಕ. ನಾನು ಗಿಡಕ್ಕೆ ನಿವಾಳಿಸ್ತಾ, ದೇವರೇ, ಘಾಟು ಬರಲಿ, ಎಲ್ಲರೂ ಕೆಮ್ಮಿ ಸಾಯಲಿ ಅಂತ ಬೇಡ್ಕೊಂಡೆ. ಕೆಂಡಕ್ಕೆ ಹಾಕಿದೆ. ಮೂಗಿಗೆ ಏನೂ ಬಡೀಲಿಲ್ಲ. ಊದಿನಕಡ್ಡಿ ಹೊಗೆಯಷ್ಟು ಮೆತ್ತಗೆ ಉರಿದು ಬೂದಿಯಾಯ್ತು. ಅಬ್ಬಾ, ಅದ್ಯಾವ ಪಾಪಿಯ ಕಣ್ಣಪ್ಪ ಅಂತ ಎಲ್ಲರೂ ಬಾಯಿ ಮೇಲೆ ಕೈ ಇಟ್ಕೊಂಡ್ರು. ನಾನೂ ಇಟ್ಕೊಂಡೆ.

ಮೇಷ್ಟ್ರು ಆ ಹೊತ್ತಿನಲ್ಲಿ ಒಂದು ಫೋಟೋ ತೆಗೆದಿದ್ದರು. ಮುಂದೆ ಒಂದು ಎಲೆಯೂ ಇಲ್ಲದ ಹಳದಿ ಗುಲಾಬಿ ಕಡ್ಡಿ, ಹಿಂದೆ ನನ್ನ ಮುಷ್ಟಿ. ಆ ತಿಂಗಳ ಓಟು ಪೂರ್ತಿ ಅದಕ್ಕೇ ಬಿತ್ತು. ಮೈತುಂಬ ಹೂವು ಬಿಟ್ಟ ನನ್ನ ಗಿಡ, ಎಲೆ ಇಲ್ಲದ ಕಡ್ಡಿಯ ಮುಂದೆ ಸೋತಿತು. ಬಟನ್ ಒತ್ತಿದೆ. ಹೆಂಡತಿ ಬಗ್ಗಿ ನೋಡಿ, ಅಂತೂ ಮುಖಪುಟಕ್ಕೆ ಬಂದ್ರಲ್ಲ, ಮುಖ ಎಲ್ಲಿ ಅಂದಳು.

ನಿವಾಳಿಸಿ ಬಂದ ಮೂರನೇ ವಾರಕ್ಕೆ ಆ ಕಡ್ಡಿ ಚಿಗುರಿತು. ಅದರ ಫೋಟೋ ಹಾಕಿ ಚಿಂತಾಮಣಿಯವರು, ಇದು ನಮ್ಮ ಮಾಡ್ರೇಟ್ರ ಕೈಗುಣ, ಇವತ್ತಾದ್ರೂ ಅವರು ಎರಡು ಒಳ್ಳೇ ಮಾತು ಬರೀಬೇಕು, ನಿಯಮ ಅವರದ್ದೇ ಅಲ್ವಾ ಅಂದ್ರು. ಎಲ್ಲರೂ ಬರೀರಿ ಬರೀರಿ ಅಂತ ದುಂಬಾಲು ಬಿದ್ರು. ಚಿಗುರು ಚೆನ್ನಾಗಿದೆ ಅಂತ ಬರೆಯೋಕೆ ಕೂತೆ, ಕೈ ಏಳಲಿಲ್ಲ. ಕೊನೆಗೆ, ಕುಂಡ ಬಹಳ ಚೆನ್ನಾಗಿದೆ, ಇಂಥ ಗಟ್ಟಿ ಕುಂಡ ನಾನು ನೋಡೇ ಇಲ್ಲ ಅಂತ ಬರೆದು ಎದ್ದೆ.

ಮಾರನೇ ದಿನ ಬೆಳಿಗ್ಗೆ ಚಿಂತಾಮಣಿಯಿಂದ ಫೋನು.

"ಸಾರ್, ಗಿಡಕ್ಕೇನೂ ಆಗಿಲ್ಲ. ಕುಂಡ ಮಾತ್ರ ನಡುಮಧ್ಯಕ್ಕೆ ಸೀಳಿ ಎರಡು ಹೋಳಾಗಿದೆ. ಯಾವನ ಕಣ್ಣೋ ಏನೋ, ನೀವೇ ಬಂದು ಇನ್ನೊಂದು ಸಲ ನಿವಾಳಿಸಿ ಹೋಗಬೇಕು ಸಾರ್."