ಖೋರ್ಶೆದ್‌ಗೆ ನೀವೇನಾಗಬೇಕು?

ತಾನೇ ಕೂತು ಬರೆದ ನಿಯಮ ತನ್ನ ಕುತ್ತಿಗೆಗೇ ಬರುತ್ತದೆಂದು ಗೊತ್ತಿದ್ದರೆ ಆಸ್ಪಿ ಆ ದಿನ ಜ್ವರವೆಂದು ಹೇಳಿ ಮುಸುಕೆಳೆದು ಮಲಗಿಬಿಡುತ್ತಿದ್ದ.

ನವಸಾರಿಯ ಶೇಠ್ ಫರ್ದೂನ್‌ಜಿ ಧರ್ಮನಿಧಿಯಲ್ಲಿ ಅವನು ನಿಯಮಪಾಲನೆ ಅಧಿಕಾರಿ. ನಿಧಿಯಿಂದ ಯಾರಿಗೆ ನೆರವು ಹೋದರೂ ಅರ್ಜಿ ನೆಟ್ಟಗಿದೆಯೇ, ಸಹಿಗಳು ಬಿದ್ದಿವೆಯೇ, ಕೊಟ್ಟದ್ದು ಕೊಟ್ಟ ಕೆಲಸಕ್ಕೇ ಹೋಗಿದೆಯೇ ಎಂದು ನೋಡುವುದು ಅವನ ಕೆಲಸ. ಪಾರ್ಸಿ ಮೊಹಲ್ಲಾದಲ್ಲಿ ಎಲ್ಲರೂ ಅವನನ್ನು 'ಕಾನೂನು ಆಸ್ಪಿ' ಎಂದೇ ಕರೆಯುತ್ತಿದ್ದರು. ಅವನಿಗೆ ಅದು ಬಿರುದೆಂದೇ ಅನ್ನಿಸುತ್ತಿತ್ತು. ಹೋದ ವರ್ಷ ಯಾರೂ ಕೇಳದಿದ್ದರೂ ತಾನಾಗಿಯೇ ಒಂದು ಹೊಸ ನಿಯಮ ಬರೆದು ಲಂಡನ್ನಿಗೆ ಕಳಿಸಿದ್ದ: ಅರ್ಜಿದಾರರಿಗೆ ರಕ್ತದಿಂದಾಗಲಿ ಮದುವೆಯಿಂದಾಗಲಿ ನಂಟರಾದವರು ಆ ಅರ್ಜಿಯ ಮೇಲೆ ತೀರ್ಮಾನ ಕೊಡಬಾರದು.

ಲಂಡನ್ನಿನಲ್ಲಿರುವ ಝರೀನ್ ಮೇಡಂ ಶೇಠ್‌ಜಿಯ ಮರಿಮಗಳು. ನಿಧಿಯ ಬೀಗದ ಕೈ ಅವರದು. ಅವರ ಉತ್ತರ ಈ ದಿನ ಬೆಳಿಗ್ಗೆ ಬಂತು. "ನಿಮ್ಮ ನಿಯಮ ತುಂಬ ಹಿಡಿಸಿತು. ಈ ವರ್ಷದಿಂದಲೇ ಜಾರಿ. ನಂಟಸ್ತಿಕೆ ಇಲ್ಲದ ಮೂವರ ಸಹಿ, ನಿಮ್ಮದೂ ಒಂದು ಸಹಿ, ಇವತ್ತು ಸಂಜೆ ಐದರೊಳಗೆ ತಲುಪಬೇಕು. ಇಲ್ಲದಿದ್ದರೆ ಈ ವರ್ಷದ ನೆರವು ಕರಾಚಿಯ ಪಾರ್ಸಿಗಳಿಗೆ."

ಈ ವರ್ಷದ್ದು ಒಂದೇ ಅರ್ಜಿ. ಹೆರಿಗೆ ಆಸ್ಪತ್ರೆಯ ಚಾವಣಿ ರಿಪೇರಿಗೆ ಅಲ್ಲಿಯ ಮೇಟ್ರನ್ ಖೋರ್ಶೆದ್ ಹಾಕಿದ್ದು. ಹೋದ ವಾರ ಹೆರಿಗೆ ಕೋಣೆಯಲ್ಲಿ ಗಾರೆಯ ಹೆಂಟೆಯೊಂದು ತೊಟ್ಟಿಲ ಪಕ್ಕಕ್ಕೇ ಬಿದ್ದಿತ್ತು. ಮಳೆ ಇನ್ನೇನು ಬಾಗಿಲಲ್ಲಿ ನಿಂತಿತ್ತು. ಈ ನೆರವು ತಪ್ಪಿದರೆ ಮುಂದಿನ ಹೆಂಟೆ ಎಲ್ಲಿ ಬೀಳುತ್ತದೋ ಎಂದು ನೆನೆದು ಆಸ್ಪಿಗೆ ನಿಜವಾಗಿಯೂ ಭಯವಾಯಿತು.

ಮೂವರು ಟ್ರಸ್ಟಿಗಳು ಬಂದು ಕೂತರು. ಅಧ್ಯಕ್ಷ ದಿನ್ಶಾಜಿ ಪೆನ್ನಿನ ಮುಚ್ಚಳ ತೆಗೆದೇ ಬಂದಿದ್ದರು.

"ಒಂದು ನಿಮಿಷ ಸಾಹೇಬ್ರೇ. ಖೋರ್ಶೆದ್‌ಗೆ ನೀವೇನಾಗಬೇಕು?"

"ಏನಾಗಬೇಕು ಅಂದ್ರೆ? ಅವಳಮ್ಮ ನನ್ನ ಸೋದರತ್ತೆ ಮಗಳು."

"ಹಾಗಾದ್ರೆ ನೀವು ಹೊರಗೆ ಕೂತ್ಕೋಬೇಕು."

ಎರಡನೆಯ ಟ್ರಸ್ಟಿ ಡಾಕ್ಟರು, ಖೋರ್ಶೆದ್‌ಳ ಭಾವ. ಅವರೂ ಹೊರಗೆ. ಉಳಿದವರು ವಕೀಲ ನಾದಿರ್ಶಾ. ಅವರು ಎದೆಯುಬ್ಬಿಸಿ ಹೇಳಿದರು: "ನಂಗೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಮಾತು ಬಿಟ್ಟು ಇಪ್ಪತ್ತು ವರ್ಷ ಆಯ್ತು."

"ಯಾಕೆ ಸರ್, ಏನಾಯ್ತು?"

"ನಮ್ಮಣ್ಣನ ಮಗಳಾಗಿ ನನಗೇ ಎದುರು ಮಾತಾಡಿದ್ಲು!"

ಮೂವರೂ ಜಗಲಿಯಲ್ಲಿ ಸಾಲಾಗಿ ಕೂತು ಆಸ್ಪಿಯನ್ನು ಬಾಯ್ತುಂಬ ಬೈಯತೊಡಗಿದರು. ಒಳಗೆ ಗುಮಾಸ್ತೆ ಫ್ರೇನಿಬಾಯಿ ಹಲ್ಲು ಕಿಸಿದಳು.

"ನನ್ನ ಮುಖ ನೋಡಬೇಡ ಮಾರಾಯ. ನಾನು ಅವಳ ಅತ್ತಿಗೆ. ಈ ಊರಿನ ಪಾರ್ಸಿಗಳಲ್ಲಿ ನಂಟಸ್ತಿಕೆ ಇಲ್ದೋರನ್ನ ಹುಡುಕ್ತೀಯಾ? ಬೇರೆ ಜನದೋರಿಂದ ಸಹಿ ಹಾಕ್ಸು."

"ಶೇಠ್‌ಜಿ ವಿಲ್‌ನಲ್ಲಿ ಊರಿನ ಪಾರ್ಸಿಗಳೇ ಆಗ್ಬೇಕು ಅಂತಿದೆಯಲ್ಲ."

"ಹಂಗಿದ್ರೆ ಹೋಗು, ಮನೆಮನೆ ತಿರುಗು. ಆದ್ರೆ ಯಾತಕ್ಕೆ ಅಂತ ಬಾಯಿಬಿಟ್ಟೀಯ! ಅರ್ಜಿ ವಿಷ್ಯ ಸಹಿ ಹಾಕೋರಿಗೆ ಬಿಟ್ಟು ಬೇರೆ ಯಾರಿಗೂ ಮೊದಲೇ ಹೇಳಬಾರ್ದು ಅಂತ ಇನ್ನೊಂದು ನಿಯಮ ಬರ್ದಿದ್ದೀಯ, ನೆನಪಿರ್ಲಿ."

ಅದನ್ನು ಬರೆದವನೂ ಅವನೇ. ಆಸ್ಪಿ ಅರ್ಜಿಯನ್ನೂ ಮೂರು ಖಾಲಿ ಘೋಷಣೆ ಹಾಳೆಗಳನ್ನೂ ಬಗಲಿಗೆ ಸಿಕ್ಕಿಸಿಕೊಂಡು ಬಿಸಿಲಿಗೆ ಬಿದ್ದ.

ಮೊದಲು ಹೋದದ್ದು ಬಾನುಮಾಸಿಯ ಮನೆಗೆ. ಮೊಹಲ್ಲಾದಲ್ಲಿ ಯಾರಿಗೆ ಯಾರು ಏನಾಗಬೇಕೆಂಬುದು ಆಕೆಯ ನಾಲಿಗೆಯ ತುದಿಯಲ್ಲಿತ್ತು. ಎಂಬತ್ತು ದಾಟಿದ್ದರೂ ನೆನಪು ಒಂದಿಷ್ಟೂ ಮಾಸಿರಲಿಲ್ಲ. ಪುದೀನ ಹಾಕಿದ ಚಹಾ, ಬಟಾಸಾ ಬಿಸ್ಕತ್ತು ಮುಂದಿಟ್ಟಳು.

"ಮಾಸಿ, ನಮ್ಮ ಮೇಟ್ರನ್ ಖೋರ್ಶೆದ್ ಇದ್ದಾರಲ್ಲ, ಅವರ ನೆಂಟರಿಷ್ಟರು ಯಾರ್ಯಾರು ಅಂತ ಸ್ವಲ್ಪ ಹೇಳ್ತೀರಾ?"

ಬಾನುಮಾಸಿಯ ಕೈಯಲ್ಲಿದ್ದ ಕಪ್ಪು ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. "ಯಾಕೆ ದೀಕರಾ, ಯಾಕೆ ಮಗನೇ?"

"ಅದು ಗುಟ್ಟಿನ ವಿಷಯ. ಈಗಲೇ ಹೇಳೋ ಹಾಗಿಲ್ಲ."

"ಆಯ್ತಪ್ಪ, ನಾನು ಕೇಳಲ್ಲ. ಒಳ್ಳೇ ಮನೆತನ. ಅವಳ ಅಜ್ಜ ತೊಂಬತ್ತಾರರವರೆಗೂ ಸ್ವಂತ ಹಲ್ಲಲ್ಲೇ ಮಾಂಸ ಕಡೀತಿದ್ದ." ಎಂದು ಶುರುಮಾಡಿ ಕೊಂಬೆ ರೆಂಬೆಗಳನ್ನೆಲ್ಲ ಎಣಿಸಿದಳು. ಆಸ್ಪಿ ಕೇಳುತ್ತ ಕೇಳುತ್ತ ಬೆವರಿದ. ಇಡೀ ಮೊಹಲ್ಲಾ ಖೋರ್ಶೆದ್‌ಳ ಸೋದರತ್ತೆ, ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮ.

"ಅವರಿಗೆ ಏನೂ ಆಗದೋರು ಯಾರೂ ಇಲ್ವಾ ಮಾಸಿ? ಸಂಜೆ ಐದರೊಳಗೆ ಎಲ್ಲ ಮುಗೀಬೇಕು."

"ಇಷ್ಟು ವರ್ಷ ಕಣ್ಮುಚ್ಚಿ ಕೂತಿದ್ದು ಈಗ ಐದರೊಳಗೆ ಆಗ್ಬೇಕಾ? ಇರು, ಇರು. ನೀನೊಬ್ಬ ಅವಳಿಗೆ ಏನೂ ಆಗಲ್ಲ. ನಿಮ್ಮಪ್ಪ ಭರೂಚಿನೋನು. ಮತ್ತೆ ಸೋಡಾ ಅಂಗಡಿ ಇರಾನಿ ಗುಸ್ತಾದ್. ರೈಲ್ವೆ ಗಾರ್ಡ್ ಆಗಿದ್ದ ಮಿನೂ, ಅವನು ಕ್ವೆಟ್ಟಾ ಕಡೆಯೋನು. ಆಮೇಲೆ ಪೆಸ್ತನ್‌ಜಿ. ಆದ್ರೆ ಪೆಸ್ತನ್‌ಜಿ ಹತ್ರ ಅವಳ ಹೆಸ್ರು ಎತ್ತಬೇಡ, ಕೋಲು ತಗೋತಾನೆ."

ಮೂವರು ಸಿಕ್ಕರೆಂದು ಆಸ್ಪಿ ಅರ್ಧ ಬಿಸ್ಕತ್ತನ್ನು ಬಾಯಲ್ಲಿಟ್ಟುಕೊಂಡೇ ಓಡಿದ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಬಾನುಮಾಸಿ ಫೋನು ಕೈಗೆತ್ತಿಕೊಂಡಿದ್ದಳು.

ಹಾಗೆಂದು ಒಬ್ಬಳ ಮಾತನ್ನೇ ನಂಬುವವನಲ್ಲ ಅವನು. ನಿಯಮವೆಂದರೆ ನಿಯಮ. ಎಡಬಲದ ಆರೇಳು ಮನೆಗಳಿಗೆ ಹೋಗಿ "ಖೋರ್ಶೆದ್‌ಗೂ ಗುಸ್ತಾದ್‌ಗೂ ಏನಾದರೂ ಇದೆಯಾ, ಮಿನೂಗೂ ಅವಳಿಗೂ ಹಿಂದೆಂದಾದರೂ ಏನಾದರೂ ಇತ್ತಾ" ಎಂದು ಬಿಡದೆ ವಿಚಾರಿಸಿದ. ಕೆಲವರು ಗುರಾಯಿಸಿದರು. ಒಬ್ಬಾಕೆ "ಛೇ, ಛೇ, ಹುಡುಗಿ ಬಂಗಾರ, ಅಂಥಾದ್ದೇನೂ ಇಲ್ಲ" ಎಂದು ಕೈ ಹಿಡಿದು ಆಣೆ ಮಾಡಿದಳು. ಇನ್ನೊಬ್ಬಾಕೆ ಅವನ ತಲೆ ನೇವರಿಸಿ ಒಂದು ಬಟ್ಟಲು ರವೆ ಪಾಯಸ ತಿನ್ನಿಸಿಯೇ ಬಿಟ್ಟಳು. ಜನ ಇಷ್ಟು ಸಹಕಾರ ಕೊಡುವುದನ್ನು ಅವನು ಕೆಲಸಕ್ಕೆ ಸೇರಿದಾಗಿನಿಂದ ಕಂಡಿರಲಿಲ್ಲ.

ಗುಸ್ತಾದ್ ಸೋಡಾ ಬಾಟಲಿಗಳ ನಡುವೆ ನಿಂತು ತಲೆ ಕೆರೆದುಕೊಂಡ. "ನಂಟಸ್ತಿಕೆ ಇಲ್ಲ. ಆದ್ರೆ ನಾನು ಕೂಸಿದ್ದಾಗ ನಮ್ಮಮ್ಮಂಗೆ ಟೈಫಾಯಿಡ್ ಬಂದು ಖೋರ್ಶೆದ್‌ಳ ಅಮ್ಮ ನಂಗೆ ಹಾಲು ಕುಡ್ಸಿದ್ರಂತೆ. ಅದು ಲೆಕ್ಕಕ್ಕುಂಟಾ?"

ಆಸ್ಪಿ ನಿಯಮವನ್ನು ತೆಗೆದು ಓದಿದ. ರಕ್ತ ಇತ್ತು, ಮದುವೆ ಇತ್ತು, ಹಾಲು ಇರಲಿಲ್ಲ. "ಹಾಕಪ್ಪಾ ಸಹಿ!" ಎಂದ.

ಮಿನೂ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಎಬ್ಬಿಸಿ ಕೂರಿಸುವಷ್ಟರಲ್ಲಿ ಮೂರು ದಾಟಿತು. ಕನ್ನಡಕ ಸಿಗಲಿಲ್ಲ. ಅದು ಸಿಕ್ಕಮೇಲೆ ಅರ್ಜಿಯನ್ನು ರೈಲಿನ ವೇಳಾಪಟ್ಟಿಯ ಹಾಗೆ ಮೇಲಿಂದ ಕೆಳಗೆ ಎರಡು ಸಲ ಓದಿದ. ಆಸ್ಪಿ ಉಗುರು ಕಚ್ಚುತ್ತ ನಿಂತ. ಅಂತೂ ಸಹಿ ಬಿತ್ತು.

ಉಳಿದದ್ದು ಪೆಸ್ತನ್‌ಜಿ. ಖೋರ್ಶೆದ್‌ಳ ಅಪ್ಪನ ಮೇಲೆ ಒಂದು ಹಿತ್ತಲ ಗೋಡೆಯ ವಿಷಯಕ್ಕೆ ಹೂಡಿದ ದಾವೆ, ಆ ಅಪ್ಪ ತೀರಿಕೊಂಡ ಮೇಲೂ ನಡೆಯುತ್ತಿತ್ತು. ವೈರ ಕೂಡದೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಆದರೆ ವೈರಿಯ ಕೈಯಿಂದ ಒಪ್ಪಿಗೆ ಬರುವುದೆಲ್ಲಿಂದ?

"ಅವಳ ಅರ್ಜಿನಾ?" ಪೆಸ್ತನ್‌ಜಿಯ ಮುಖ ಕೆಂಪಾಯಿತು. "ಕೊಡು ಇಲ್ಲಿ, ನಾಲ್ಕು ತುಂಡು ಮಾಡ್ತೀನಿ."

"ಕಾಕಾ, ಕೂಸುಗಳ ತಲೆ ಮೇಲೆ ಗಾರೆ ಬೀಳ್ತಿದೆ..."

"ಬೀಳ್ಲಿ! ನನ್ನ ಗೋಡೆ ಬಿದ್ದಾಗ ಯಾರು ಬಂದ್ರು?"

ಆಸ್ಪಿಯ ಕಣ್ಣು ಗಡಿಯಾರದ ಮೇಲಿತ್ತು. ಅಷ್ಟರಲ್ಲಿ ಒಳಗಿನಿಂದ ಸೊಸೆ ಬಂದು ಮುದುಕನ ಕಿವಿಯಲ್ಲಿ ಏನೋ ಉಸುರಿದಳು. ಪೆಸ್ತನ್‌ಜಿ ಆಸ್ಪಿಯನ್ನು ನೆತ್ತಿಯಿಂದ ಪಾದದವರೆಗೆ ನೋಡಿದರು. ಮುಖ ಸಡಿಲವಾಯಿತು. ಕಣ್ಣಲ್ಲಿ ನೀರೇ ಬಂತು.

"ಮೊದ್ಲೇ ಹೇಳಬಾರ್ದಾಗಿತ್ತಾ ದೀಕರಾ? ಇವತ್ತಿನ ದಿನ ನಿನಗೆ ಇಲ್ಲ ಅಂದ್ರೆ ದೇವರು ಮೆಚ್ತಾನಾ? ಎಲ್ಲಿ ಸಹಿ?"

ಸೊಸೆ ಏನು ಹೇಳಿದಳೆಂದು ಕೇಳುವಷ್ಟು ವ್ಯವಧಾನ ಆಸ್ಪಿಗೆ ಇರಲಿಲ್ಲ. ಹಾಳೆ ಕಿತ್ತುಕೊಂಡು ಓಡಿದ.

ಆಫೀಸಿನಲ್ಲಿ ಕರೆಂಟಿರಲಿಲ್ಲ. ಫ್ರೇನಿಬಾಯಿಯೂ ಬಾಗಿಲು ಮುಂದೆಳೆದುಕೊಂಡು ಎಲ್ಲಿಗೋ ಹೋಗಿದ್ದಳು. ಕೊನೆಗೆ ತನ್ನ ಫೋನಿನಲ್ಲೇ ಒಂದೊಂದು ಹಾಳೆಯ ಫೋಟೋ ಹಿಡಿದ. ಅವಸರಕ್ಕೆ ಒಂದರಲ್ಲಿ ಪೆಸ್ತನ್‌ಜಿಯ ಸಹಿಗಿಂತ ತನ್ನ ಹೆಬ್ಬೆರಳೇ ದೊಡ್ಡದಾಗಿ ಬಂತು. ಮತ್ತೆ ಹಿಡಿದ. 'ಅರ್ಜಿದಾರರಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ಪ್ರಮಾಣ ಮಾಡುತ್ತೇನೆ' ಎಂಬ ಸಾಲಿನ ಕೆಳಗೆ ತನ್ನ ಸಹಿಯನ್ನು ಜರ್ಬಿನಿಂದ ಎಳೆದ. ಐದು ಹೊಡೆಯುವ ಮೊದಲೇ ಎಲ್ಲವೂ ಲಂಡನ್ನಿಗೆ ಹೋಯಿತು. ಆಸ್ಪಿ ಕುರ್ಚಿಯಲ್ಲಿ ಕುಸಿದು ಹೂಜಿಯಲ್ಲಿದ್ದ ನೀರನ್ನಷ್ಟೂ ಕುಡಿದ. ಚಾವಣಿ ಉಳಿಯಿತು. ಇಷ್ಟು ಒಳ್ಳೆಯ ಕೆಲಸವನ್ನು ತಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲವೆಂದು ಅವನಿಗೆ ತನ್ನ ಮೇಲೆಯೇ ಪ್ರೀತಿ ಬಂತು.

ಮನೆಗೆ ಬಂದರೆ ಹೊಸ್ತಿಲಲ್ಲಿ ರಂಗೋಲಿ, ಬಾಗಿಲಿಗೆ ಹೂವಿನ ತೋರಣ. ಒಳಗೆ ಅರ್ಧ ಮೊಹಲ್ಲಾ ಕೂತು ಸಿಹಿ ಶ್ಯಾವಿಗೆ, ಮೊಸರು ತಿನ್ನುತ್ತಿತ್ತು. ಫ್ರೇನಿಬಾಯಿಯೂ ಅಲ್ಲೇ ಇದ್ದಳು. ಅಮ್ಮ ಧನ್‌ಮಾಯಿ ಮದುವೆಮನೆಗಷ್ಟೇ ಉಡುವ ಕಸೂತಿ ಸೀರೆಯಲ್ಲಿದ್ದಳು. ನಟ್ಟನಡುವೆ, ಹಣೆಯಲ್ಲಿ ಹಸಿ ಕುಂಕುಮವಿಟ್ಟುಕೊಂಡು, ಮೇಟ್ರನ್ ಖೋರ್ಶೆದ್.

ಅವನು ಬಾಯಿ ತೆರೆಯುವ ಮೊದಲೇ ಯಾರೋ ಕೊರಳಿಗೆ ಹಾರ ಹಾಕಿದರು, ಯಾರೋ ಹಣೆಗೆ ಉದ್ದನೆಯ ಕುಂಕುಮ ಎಳೆದರು, ಯಾರೋ ಕೈಗೆ ಬೆಳ್ಳಿ ರೂಪಾಯಿ ಇಟ್ಟರು.

"ಮಮ್ಮಾ, ಏನಿದು?"

"ಏನು ಅಂದ್ರೆ? ನಲವತ್ತಾರರ ಬ್ರಹ್ಮಚಾರಿ ಮನೆಮನೆಗೆ ಹೋಗಿ ಒಂದು ಹುಡುಗಿ ಸಂಬಂಧ ವಿಚಾರಿಸ್ತಾನೆ, ಯಾಕೆ ಅಂದ್ರೆ ಗುಟ್ಟು ಅಂತಾನೆ, ಐದರೊಳಗೆ ಆಗ್ಬೇಕು ಅಂತ ಒದ್ದಾಡ್ತಾನೆ. ಅಷ್ಟೂ ಅರ್ಥ ಆಗಲ್ವಾ ನಂಗೆ? ನಾಲ್ಕೂವರೆಗೇ ಹೋಗಿ ಅವಳ ಕೈಗೆ ರೂಪಾಯಿ ಇಟ್ಟು ಮದುವೆ ಗೊತ್ತು ಮಾಡ್ಕೊಂಡು ಬಂದೆ!"

ನಾಲ್ಕೂವರೆ! ಅವನು ಪ್ರಮಾಣಕ್ಕೆ ಸಹಿ ಹಾಕಿದ್ದು ಅದಾದ ಮೇಲೆ.

ಖೋರ್ಶೆದ್ ಅವನನ್ನು ಹಿತ್ತಲ ಕಡೆ ಕರೆದೊಯ್ದಳು. "ಆಸ್ಪಿ, ನಾನು ಯೋಚ್ನೆ ಮಾಡಿಯೇ ಹೂಂ ಅಂದಿದ್ದು. ನಿಮಗೆ ಬೇಡ ಅಂದ್ರೆ ಈಗ್ಲೇ ಹೇಳಿ."

ಅವನು ಅವಳ ಮುಖ ನೋಡಿದ. ಬೇಕು ಅನ್ನಿಸಿತು. ಹತ್ತು ವರ್ಷದಿಂದ ಅವಳ ಅರ್ಜಿಗಳನ್ನು ಬೇಕಾದದ್ದಕ್ಕಿಂತ ಒಂದು ಸಲ ಹೆಚ್ಚಾಗಿಯೇ ಓದುತ್ತಿದ್ದದ್ದು ಯಾಕೆಂದು ಅವನಿಗೆ ಈಗ ಹೊಳೆಯಿತು. ಅಳು ಬರುವಂತಾಗಿ ಎಲ್ಲವನ್ನೂ ಹೇಳಿಬಿಟ್ಟ. ಅವಳ ಕಿವಿ ಕೆಂಪಾಗಿತ್ತು.

"ಹಾಗಾದ್ರೆ ನೀವು ಕೇಳ್ತಿದ್ದದ್ದು ಚಾವಣಿಗೆ."

"ಚಾವಣಿಗೇ. ಆದ್ರೆ ರೂಪಾಯಿ ವಾಪಸ್ ಕೊಡಬೇಡಿ."

"ಕೊಡಲ್ಲ. ಮೊದ್ಲು ಲಂಡನ್ನಿಗೆ ನಿಜ ಹೇಳಿ."

ಫೋನಿನಲ್ಲಿ ಝರೀನ್ ಮೇಡಂ ಬಹಳ ಹೊತ್ತು ನಕ್ಕರು. ಆಮೇಲೆ ಗಂಭೀರವಾದರು. "ಅಭಿನಂದನೆ. ಆದ್ರೆ ನಿಮ್ಮ ಪ್ರಮಾಣ ಬಿದ್ದುಹೋಯ್ತು. ನೋಡಿ, ನಾನು ಹೇಳಿದ್ದು ನಮ್ಮ ಐದು. ನಿಮ್ಮಲ್ಲಿ ಅದು ರಾತ್ರಿ ಒಂಬತ್ತೂವರೆ. ಅರ್ಜಿದಾರರು ಬೇರೆ ಯಾರಾದ್ರೂ ಆದ್ರೆ ನನ್ನ ಅಭ್ಯಂತರ ಇಲ್ಲ."

ಖೋರ್ಶೆದ್ ಅಲ್ಲೇ ನಿಂತು ತೀರ್ಮಾನಿಸಿದಳು. "ನಾನು ಈ ಗಳಿಗೆಯಿಂದ ಮೇಟ್ರನ್ ಅಲ್ಲ. ಅರ್ಜಿ ನರ್ಸ್ ರೋದಾ ಹೆಸರಲ್ಲಿ ಹೋಗ್ಲಿ. ಓಡಿ."

"ರೋದಾಗೂ ನಂಟರಲ್ಲದ ಮೂವರು ಬೇಕು. ವಿಷಯ ಹೊರಗೆ ಹೇಳೋ ಹಾಗಿಲ್ಲ."

"ಬೇಗ ಓಡಿ ಅಂದೆ."

ಆಸ್ಪಿ ಓಡಿದ. ಬಾನುಮಾಸಿ ಆಗಷ್ಟೇ ಮನೆಗೆ ಮರಳಿ, ತಾನು ಕುದುರಿಸಿದ ಸಂಬಂಧದ ಶ್ಯಾವಿಗೆಯನ್ನು ಬಟ್ಟಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಅಕ್ಕಪಕ್ಕದವರೂ ಸುತ್ತ ನೆರೆದಿದ್ದರು. ಕೊರಳಲ್ಲಿ ಹಾರ, ಹಣೆಯಲ್ಲಿ ಹಸಿ ಕುಂಕುಮ ಹೊತ್ತ ಅಳಿಯನನ್ನು ಕಂಡು ಎಲ್ಲರ ಮುಖ ಅರಳಿತು.

"ಬಾ ದೀಕರಾ, ಬಾ. ಆಶೀರ್ವಾದ ಬೇಕಾ?"

"ಅಲ್ಲ ಮಾಸಿ." ಆಸ್ಪಿ ಏದುಸಿರು ಬಿಟ್ಟ. "ಸ್ವಲ್ಪ ಅರ್ಜೆಂಟು. ಗುಟ್ಟಿನ ವಿಷಯ. ನರ್ಸ್ ರೋದಾ ಇದ್ದಾಳಲ್ಲ, ಮದುವೆ ಆಗದೋಳು, ಅವಳ ನೆಂಟರಿಷ್ಟರು ಯಾರ್ಯಾರು? ಇವತ್ತು ಒಂಬತ್ತೂವರೆಯೊಳಗೇ ಮುಗೀಬೇಕು."

ಬಾನುಮಾಸಿ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು, ಬಗ್ಗಿ ತನ್ನ ಚಪ್ಪಲಿಯನ್ನು ಕೈಗೆತ್ತಿಕೊಂಡಳು.