ಸೊನ್ನೆ ಕೊಬ್ಬು ಮತ್ತು ಬಿಸ್ಕಿಟ್ ಎಂಬ ಕುದುರೆ

ವಿವರಗಳಲ್ಲಿ ನಾನು ತಪ್ಪುವವನಲ್ಲ. ಹುಬ್ಬಳ್ಳಿಯ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಹದಿನಾಲ್ಕು ವರ್ಷ ಉಪಸಂಪಾದಕನಾಗಿದ್ದವನು. ಎರಡು ಮೂಲಗಳು ಖಚಿತಪಡಿಸದೆ ಮಳೆ ಬಂತು ಎಂದು ಕೂಡ ಅಚ್ಚಿಗೆ ಕಳಿಸಿದವನಲ್ಲ. ಹಾಗಾಗಿ ಎಂಟು ವಾರದಲ್ಲಿ ಐದು ಕಿಲೋ ತೂಕ ಇಳಿಸುವುದು ನನಗೆ ದೊಡ್ಡ ಕೆಲಸವೆಂದು ಅನ್ನಿಸಲೇ ಇಲ್ಲ. ದಾಖಲೆ ಸರಿಯಿದ್ದರೆ ದೇಹ ಸರಿಯಾಗಲೇಬೇಕಲ್ಲ!

ತೂಕದ ಪ್ರಶ್ನೆ ಎದ್ದದ್ದು ಕುದುರೆಯಿಂದ. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಮಗಳು ಮೇಘಾ ಒಂದು ಉಡುಗೊರೆ ಕೊಟ್ಟಳು. ಲಂಡನ್ನಿನ ಅಂಚಿನಲ್ಲಿರುವ ಒಂದು ಕುದುರೆ ಲಾಯದಲ್ಲಿ ನಮ್ಮಿಬ್ಬರಿಗೂ ಒಂದು ಗಂಟೆಯ ಸವಾರಿ. ಇದರ ಹಿಂದೆ ಹಳೆಯ ದೂರೊಂದಿದೆ. ಧಾರವಾಡದಲ್ಲಿ ಮದುವೆಯ ಹಿಂದಿನ ಸಂಜೆ ನಾನು ಕುದುರೆಯ ಮೇಲೆ ಮೆರವಣಿಗೆಯಲ್ಲಿ ಬಂದೆ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ವಧು ಸುನಂದಾ, "ಕುದರಿ ಅವರಿಗಷ್ಟ ಯಾಕ? ನನಗ ಯಾಕಿಲ್ಲ?" ಎಂದು ಕೇಳಿ ಸೋದರತ್ತೆಯಿಂದ ಬೈಸಿಕೊಂಡಳಂತೆ. ಆಮೇಲೆ ಆಕೆ ಡಾಕ್ಟರಾಗಿ ಹೆಸರು ಮಾಡಿದಳು, ನಾವು ಲಂಡನ್ನಿನ ಹ್ಯಾರೋಗೆ ಬಂದು ಮನೆ ಮಾಡಿದೆವು, ಮಗಳು ದೊಡ್ಡವಳಾದಳು. ಆ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು.

ಲಾಯದವರ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರಗಳಿದ್ದವು. ಉಪಸಂಪಾದಕನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಸವಾರರ ತೂಕ ಎಂಬತ್ತು ಕಿಲೋ ಮೀರಕೂಡದು. ಬಂದ ಕೂಡಲೇ ತೂಗಲಾಗುವುದು.

ಸುನಂದಾ ಐವತ್ತೆಂಟು. ನಾನು ಎಂಬತ್ತೈದು!

"ನೀ ಒಬ್ಬಾಕಿನ ಹತ್ತು. ನಾ ನಿಂತು ಫೋಟೋ ತಗೀತೀನಿ," ಎಂದೆ, ಉದಾರವಾಗಿ.

"ಆಗಂಗಿಲ್ಲ. ಒಬ್ಬರು ಕುದರಿ ಮ್ಯಾಲೆ, ಒಬ್ಬರು ದೂರ ನಿಂತು ನೋಡೋದು ಒಮ್ಮೆ ಆಗೇದ, ಸಾಕು. ನೀವು ಹತ್ತಲಿಲ್ಲಂದ್ರ ನಾನೂ ಹತ್ತಂಗಿಲ್ಲ."

ವಿಷಯ ಗಂಭೀರವಾಯಿತು. ನಾನು ಅಧ್ಯಯನಕ್ಕೆ ಕುಳಿತೆ. ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು ಕ್ಯಾಲೊರಿ, ಒಂದು ಗ್ರಾಂ ಸಕ್ಕರೆಯಲ್ಲಿ ನಾಲ್ಕೇ ನಾಲ್ಕು. ಎರಡು ಕಡೆ ಓದಿದೆ, ಎರಡೂ ಒಂದೇ ಹೇಳಿದವು. ಅಪರಾಧಿ ಸಿಕ್ಕಿಬಿದ್ದ! ಅದೇ ಸಂಜೆ ತುಪ್ಪದ ಡಬ್ಬಿಯನ್ನು ಲಾಫ್ಟಿಗೆ ಗಡೀಪಾರು ಮಾಡಿದೆ. ಎಣ್ಣೆಯ ಬಾಟಲಿಯೂ ಅದನ್ನು ಹಿಂಬಾಲಿಸಿತು. ಒಂದು ನೋಟ್‌ಬುಕ್ ತಂದು ಮೂರು ಅಂಕಣ ಎಳೆದೆ: ದಿನಾಂಕ, ಪದಾರ್ಥ, ಕೊಬ್ಬು.

"ಕ್ಯಾಲೊರಿ ಎಲ್ಲದ?" ಸುನಂದಾ ಕೇಳಿದಳು. ಆಸ್ಪತ್ರೆಯಲ್ಲಿ ದಿನವೂ ರೋಗಿಗಳಿಗೆ ಇದನ್ನೇ ಹೇಳಿಬರುವವಳು. "ಬರೇ ಕೊಬ್ಬು ನೋಡಿದ್ರ ನಡೆಯಂಗಿಲ್ರಿ. ಒಟ್ಟು ಎಷ್ಟು ತಿಂತೀರಿ ಅದನ್ನೂ ನೋಡಬೇಕು."

"ಮೂಲದಾಗ ಹೊಡದ್ರ ಉಳಿದದ್ದು ತಾನ ಬೀಳ್ತದ," ಎಂದೆ. ತಜ್ಞರ ಅಭಿಪ್ರಾಯವನ್ನು ನಾನು ಕಸದ ಬುಟ್ಟಿಗೆ ಹಾಕಿದ್ದು ವೃತ್ತಿಜೀವನದಲ್ಲಿ ಅದೇ ಮೊದಲು.

ಮೊದಲ ವಾರ ವೈಭವದಿಂದ ನಡೆಯಿತು. ಮಂಡಕ್ಕಿಗೆ ಬೆಲ್ಲ: ಕೊಬ್ಬು ಸೊನ್ನೆ. ಖರ್ಜೂರ ಹದಿನೈದು: ಸೊನ್ನೆ. ಕೊಬ್ಬು ತೆಗೆದ ಮಾವಿನಹಣ್ಣಿನ ಮೊಸರು, ಆರು ಡಬ್ಬಿ: ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲೇ ಸೊನ್ನೆ. ತುಪ್ಪವಿಲ್ಲದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಸಲು ಸಾರು, ಸಾರು ಮುಗಿಸಲು ಮತ್ತೆ ಅನ್ನ. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿ.

"ಶೇಂಗಾದಾಗ ಎಣ್ಣಿ ಇರಂಗಿಲ್ಲೇನು?"

"ಎಣ್ಣಿ ಎಲ್ಲಿ ಕಾಣಸ್ತದ? ಇದು ಪುಡಿ!"

ಆಕೆ ಚಟ್ನಿಯ ಡಬ್ಬಿಯನ್ನು ನನ್ನ ಕಡೆಗೇ ಸರಿಸಿದಳು. ಡಾಕ್ಟರುಗಳು ವಾದ ಬಿಟ್ಟರೆ ರೋಗಿ ಹೆದರಬೇಕು ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಎರಡನೇ ವಾರದ ಕೊನೆಗೆ ಮನೆಯ ತೂಕದ ಯಂತ್ರ ಎಂಬತ್ತೈದೂವರೆ ತೋರಿಸಿತು. ಯಂತ್ರ ಕೆಟ್ಟಿದೆ ಎಂದು ಘೋಷಿಸಿದೆ. ಆದರೂ ನಿಯಮ ನಿಯಮವೇ. ಎರಡನೇ ಮೂಲ ಬೇಕು. ಹೈಸ್ಟ್ರೀಟಿನ ಔಷಧಿ ಅಂಗಡಿಯ ಯಂತ್ರದ ಮೇಲೆ ನಿಂತೆ. ಎಂಬತ್ತಾರು! ಸುದ್ದಿ ಖಚಿತವಾಗಿಬಿಟ್ಟಿತು.

ಇನ್ನು ಉಪವಾಸವೇ ಗತಿ ಎಂದುಕೊಂಡೆ. ನಮ್ಮ ಅವ್ವ ಏಕಾದಶಿ ತಪ್ಪಿಸಿದವಳಲ್ಲ, ಕೊನೆಯವರೆಗೂ ಕಡ್ಡಿಯಂತೆ ಇದ್ದಳು. ಏಕಾದಶಿಯ ಜೊತೆಗೆ ಸೋಮವಾರ, ಶನಿವಾರಗಳನ್ನೂ ಸೇರಿಸಿಕೊಂಡೆ. ಆದರೆ ಉಪವಾಸವೆಂದರೆ ಅನ್ನದ ಬದಲಿಗೆ ಫರಾಳ ಬೇಕಲ್ಲ? ಶಾಸ್ತ್ರ ಬಿಡಲಾಗದು. ಲಾಫ್ಟಿನಿಂದ ಎಣ್ಣೆಯ ಬಾಟಲಿಯನ್ನು ಗೌರವದಿಂದ ಕೆಳಗಿಳಿಸಿದೆ. ಸಾಬೂದಾಣಿ ಖಿಚಡಿ ಮಾಡಿದೆ. ಅದಕ್ಕೆ ಶೇಂಗಾ, ಆಲೂಗಡ್ಡೆ. ಆಮೇಲೆ ಎರಡು ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು, ಬಾಯಿಗೆ ನಾಲ್ಕು ಶೇಂಗಾ ಉಂಡೆ. ನೋಟ್‌ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಬರೆದೆ: "ಉಪವಾಸ. ಏನೂ ಇಲ್ಲ."

ಮಧ್ಯಾಹ್ನ ಮೇಘಾ ವಿಡಿಯೋ ಕಾಲ್ ಮಾಡಿದಳು. "ಡ್ಯಾಡ್, ವಾಟ್ಸ್ ದಟ್ ಆನ್ ಯುವರ್ ಪ್ಲೇಟ್?"

"ಫರಾಳ, ಪುಟ್ಟಿ. ಇವತ್ತು ನಂದು ಉಪವಾಸ."

"ಡ್ಯಾಡ್, ಇಟ್ಸ್ ಬಿಗ್ಗರ್ ದ್ಯಾನ್ ಲಂಚ್!"

ಇಲ್ಲಿ ಬೆಳೆದ ಮಕ್ಕಳಿಗೆ ಧರ್ಮಸೂಕ್ಷ್ಮ ಅರ್ಥವಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಇನ್ನೊಂದು ಉಂಡೆ ತೆಗೆದುಕೊಂಡೆ.

ಸವಾರಿಗೆ ಒಂದೇ ವಾರ ಉಳಿದಾಗ ಸುನಂದಾ ನೋಟ್‌ಬುಕ್ ಕೈಗೆತ್ತಿಕೊಂಡಳು. ಕೆಂಪು ಪೆನ್ನಿನಲ್ಲಿ ನಾಲ್ಕನೇ ಅಂಕಣ ಎಳೆದು ಕ್ಯಾಲೊರಿ ತುಂಬುತ್ತಾ ಹೋದಳು. ನನ್ನ ಪ್ರತಿಯನ್ನು ಇನ್ನೊಬ್ಬರು ಕೆಂಪು ಶಾಯಿಯಲ್ಲಿ ತಿದ್ದುವುದನ್ನು ಅಷ್ಟು ಹತ್ತಿರದಿಂದ ನೋಡಿ ಬಹಳ ವರ್ಷವಾಗಿತ್ತು. "ಉಪವಾಸ" ಎಂದಿದ್ದ ದಿನಗಳ ಫರಾಳವನ್ನೂ ಆಕೆ ಕಂಡಿದ್ದಳು; ಅವುಗಳ ಮುಂದೆಯೇ ಅತಿ ದೊಡ್ಡ ಅಂಕಿಗಳು ಬಂದವು!

ಆಕೆ ಬೈಯಲಿಲ್ಲ. ಲಾಫ್ಟ್ ಹತ್ತಿ ತುಪ್ಪದ ಡಬ್ಬಿ ಇಳಿಸಿದಳು. ಒಂದು ಬಟ್ಟಲು ಅನ್ನಕ್ಕೆ ತೊವ್ವೆ ಹಾಕಿ, ಮೇಲೆ ಒಂದೇ ಒಂದು ಸಣ್ಣ ಚಮಚ ತುಪ್ಪ ಬಿಟ್ಟು ನನ್ನ ಮುಂದಿಟ್ಟಳು. ತಿಂದೆ. ಹೊಟ್ಟೆ ತುಂಬಿತು. ಏಳು ವಾರದಲ್ಲಿ ಮೊದಲ ಬಾರಿಗೆ ಡಬ್ಬಿಗಳ ಕಡೆ ಕೈ ಹೋಗಲಿಲ್ಲ.

"ಇಷ್ಟು ತುಪ್ಪ ಹಾಕ್ಕೊಂಡು ಒಂದ ಬಟ್ಟಲಕ್ಕ ಎದ್ದಿದ್ರ ಇಷ್ಟೊತ್ತಿಗೆ ಕುದರಿ ಹತ್ತಿರತಿದ್ರಿ," ಎಂದಳು.

"ಮೊದಲ ಹೇಳಬಾರದಾ?"

"ಹೇಳಿದ್ದೆ, ನಿಮ್ಮ ಅಂಕಣದಾಗ ಜಾಗಾ ಇರಲಿಲ್ಲ!"

ಆ ಒಂದು ವಾರ ಅಕ್ಷರಶಃ ಆಕೆ ಹೇಳಿದಂತೆ ತಿಂದೆ. ಒಂದು ಕಿಲೋ ಇಳಿಯಿತು. ಆದರೆ ಏರಿದ್ದು ಎರಡಾಗಿತ್ತು.

ಲಾಯದಲ್ಲಿ ಕೆಂಪು ಕೂದಲಿನ ಹೆಂಗಸೊಬ್ಬಳು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಎಂಬತ್ತಾರು. ಕೋಟು ತೆಗೆದೆ. ಬೂಟು, ಬೆಲ್ಟು, ಸ್ವೆಟರು, ಮನೆಯ ಬೀಗದ ಕೈ, ಕೊನೆಗೆ ಕನ್ನಡಕವನ್ನೂ ತೆಗೆದೆ. ಅಂಕಿ ಬದಲಾಯಿತೋ ಇಲ್ಲವೋ, ಕನ್ನಡಕವಿಲ್ಲದೆ ನನಗೆ ಕಾಣಲಿಲ್ಲ.

"ಸಾರಿ, ಲವ್," ಎಂದಳು ಆಕೆ. ಅದರಿಂದಲೇ ತಿಳಿಯಿತು.

ಸುನಂದಾ ಆಗಲೇ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದ್ದಳು. "ಇರಲಿ ಬಿಡ್ರಿ. ಚಹಾ ಕುಡದು ಮನಿಗೆ ಹೋಗೂಣು." ಕನ್ನಡಕ ಹಾಕಿಕೊಂಡು ನೋಡಿದೆ. ಆಕೆಯ ಕಣ್ಣು ಮಾತ್ರ ಹೊರಗೆ ಕಟ್ಟಿದ್ದ ಬೂದು ಬಣ್ಣದ ಕುದುರೆಯ ಮೇಲೇ ಇತ್ತು. ಅದೇ ಹಳೆಯ ಕಿಟಕಿಯ ನೋಟ. ನಾನು ಬೂಟು ಹಾಕಿಕೊಂಡು ಎದ್ದೆ.

"ಕುದುರೆಯ ಹಗ್ಗ ಹಿಡಿದು ನಡೆಯಲು ತೂಕದ ಮಿತಿ ಉಂಟೇ?" ಎಂದು ಕೆಂಪು ಕೂದಲಿನಾಕೆಯನ್ನು ಕೇಳಿದೆ.

ಇರಲಿಲ್ಲ! ಒಂದು ಬದಿ ಆಕೆ, ಇನ್ನೊಂದು ಬದಿ ನಾನು, ನಡುವೆ ಬಿಸ್ಕಿಟ್ ಎಂಬ ಹೆಸರಿನ ಆ ಕುದುರೆ. ಮೇಲೆ ಸುನಂದಾ.

"ದೂರ ನಿಂತಿಲ್ಲ, ನೋಡು. ಬಾಜೂಕ ಇದ್ದೀನಿ. ನಡೀತದಲ್ಲ?" ಎಂದೆ.

"ನಡೀತದ, ನಡೀತದ. ಸ್ವಲ್ಪ ಜೋರ ನಡೀರಿ!" ಎಂದಳು, ಧಾರವಾಡದ ಬೀದಿಗೆ ಕೇಳುವಷ್ಟು ಜೋರಾಗಿ ನಗುತ್ತಾ.

ಏರು ಹತ್ತುವಾಗ ಏದುಸಿರು ಮುಚ್ಚಿಡಲು ನಾನು ಮಾತು ತೆಗೆದೆ. ಬಿಸ್ಕಿಟ್‌ನ ತೂಕ ಎಷ್ಟು? ಐನೂರೈವತ್ತು ಕಿಲೋ ಎಂದು ಉತ್ತರ ಬಂತು. ಏನು ತಿನ್ನುತ್ತದೆ?

"ಹುಲ್ಲು. ಬೆಳಗಿನಿಂದ ಸಂಜೆಯವರೆಗೂ ಹುಲ್ಲೇ."

ಮೇಲಿನಿಂದ ಸುನಂದಾ ಬಾಗಿದಳು. "ಅದರಾಗ ತುಪ್ಪಾ ಎಷ್ಟ ಚಮಚಾ ಅಂತ ಕೇಳ್ರಿ."

ಕೇಳಲಿಲ್ಲ. ಹನಿ ತುಪ್ಪ ಮುಟ್ಟದೆಯೂ ದಪ್ಪವಾಗಬಹುದು ಎಂಬ ಸುದ್ದಿಗೆ ಬಿಸ್ಕಿಟ್ ಮೊದಲ ಮೂಲ. ಎರಡನೇ ಮೂಲ ಹಗ್ಗ ಹಿಡಿದುಕೊಂಡು, ಏದುಸಿರು ಬಿಡುತ್ತಾ, ಅದರ ಪಕ್ಕದಲ್ಲೇ ನಡೆಯುತ್ತಿತ್ತು.